ತಾಳ ಮತ್ತು ತಾಳೆಪಟ್ಟಿ

ಪ್ರಿಯ ಗೆಳೆಯಾ,

ನಿನ್ನ ಮೆಸೇಜು ಬಂದು ಹದಿನೈದು ದಿನವಾಯಿತು. ಉತ್ತರ ಬರೆಯಲು ಪುರುಸೊತ್ತಾಗಲಿಲ್ಲ ಎಂದರೆ ನೀನು ನಗುತ್ತೀಯ, ಯಾಕೆಂದರೆ ನೀನು ಕೇಳಿದ್ದೇ ಅದನ್ನು. "ಆಫೀಸು, ಮನೆ, ಮದ್ದಳೆ, ಮೂರನ್ನೂ ಹೇಗೆ ಸುಧಾರಿಸ್ತೀಯ ಮಾರಾಯ? ನನ್ನ ಬಣ್ಣದ ಪೆಟ್ಟಿಗೆ ಅಟ್ಟ ಸೇರಿ ಆರು ವರ್ಷ ಆಯ್ತು" ಅಂತ.

ಇದನ್ನು ಮೊಬೈಲಿನಲ್ಲಿ ಬರೆಯುತ್ತಿದ್ದೇನೆ, ಡೊಂಬಿವಲಿಯ ಮನೆಗೆ ಹೋಗುತ್ತಾ, ಮುಂಬಯಿಯ ವಿ.ಟಿ.ಯಿಂದ ಕಲ್ಯಾಣದ ಕಡೆ ಹೊರಟ ಫಾಸ್ಟ್ ಲೋಕಲಿನಲ್ಲಿ. (ವಿಕ್ಟೋರಿಯಾ ಟರ್ಮಿನಸ್ ಎಂಬ ಹೆಸರು 1996ರಲ್ಲೇ ಬದಲಾಗಿದೆ, ನಮ್ಮ ನಾಲಿಗೆ ಇನ್ನೂ ಬದಲಾಗಿಲ್ಲ.) ಇವತ್ತು ನಾಲ್ಕನೇ ಸೀಟು ಸಿಕ್ಕಿದೆ. ಮೂವರು ಕೂರುವ ಬೆಂಚಿನ ತುದಿಯಲ್ಲಿ ಅರ್ಧ ಕುಂಡೆ ಊರಿ, ಇನ್ನರ್ಧವನ್ನು ಗಾಳಿಯಲ್ಲಿ ಬಿಟ್ಟು ಕೂರುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಸುಧಾರಿಸುವುದು ಎಂದರೆ ಏನು ಅಂತ ಕೇಳಿದರೆ ನಾನು ಈ ಸೀಟನ್ನು ತೋರಿಸುತ್ತೇನೆ.

ಮದ್ದಳೆಯ ಅಭ್ಯಾಸವೂ ಇಲ್ಲೇ. ಬೆಳಗಿನ ಗಾಡಿಗೆ ಒಂದು ಭಜನಾ ಮಂಡಳಿ ಹತ್ತುತ್ತದೆ. ಕೈಯಲ್ಲಿ ತಾಳ, ಬೋಗಿಯ ತಗಡೇ ಢೋಲಕಿ. ಅವರ ಅಭಂಗಕ್ಕೆ ನನ್ನ ಬೆರಳು ಊಟದ ಡಬ್ಬಿಯ ಮೇಲೆ ತಾನಾಗಿ ಓಡುತ್ತದೆ. ಅವರದು ಎಂಟರ ಲೆಕ್ಕ, ನನ್ನದು ಏಳಕ್ಷರದ ತ್ರಿವುಡೆ ತಾಳ. ಎರಡೂ ಎಲ್ಲಿ ಕೂಡುತ್ತವೆ ಎಂದು ಕಾಯುತ್ತಾ ಠಾಣೆ ದಾಟುತ್ತೇನೆ. ಒಂದು ಸಲ ಮುಂದೆ ಕೂತಿದ್ದ ಅಜ್ಜ ನನ್ನ ಡಬ್ಬಿಯನ್ನೇ ದಿಟ್ಟಿಸಿ "ಭಾವೂ, ತುಮ್ಚಾ ತಾಳ್ ಚುಕತೋಯ್" ಎಂದ. ತಾಳ ತಪ್ಪುತ್ತಿದೆಯಂತೆ! ಆ ಡಬ್ಬಿಯೊಳಗೆ ಯಕ್ಷಗಾನ ನಡೆಯುತ್ತಿದೆ ಎಂದು ಅವನಿಗೆ ಹೇಗೆ ಹೇಳಲಿ?

ಮನೆಯಲ್ಲಿ ಬಾರಿಸುವಂತಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ. ಅಮ್ಮ ಎಂಟಕ್ಕೇ ಮಲಗುತ್ತಾರೆ, ಮಗಳಿಗೆ ಹತ್ತನೇ ಕ್ಲಾಸು. ಕೆಳಗಿನ ಮನೆಯವರು ಒಳ್ಳೆಯವರು, ಹಾಗಾಗಿ ಬೈಯದೆ ಸೊಸೈಟಿಗೆ ಅರ್ಜಿ ಬರೆದರು.

ಇದೆಲ್ಲ ತಮಾಷೆಯ ಭಾಗ. ನಿಜವಾದ ತೊಡಕು ಪಂಚಾಂಗದಲ್ಲಿದೆ. ನಿನಗೆ ಗೊತ್ತಲ್ಲ, ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಊರಿನಲ್ಲಿ ಬಯಲಾಟ ನಿಂತ ಮಳೆಗಾಲದಲ್ಲೇ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುವುದು. ಆಟ, ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆ ಎಲ್ಲ ಆಗಲೇ. ನಮ್ಮಂಥ ಹವ್ಯಾಸಿಗಳಿಗೂ ಅದೇ ಸುಗ್ಗಿ. ನನ್ನ ಕಸುಬು ಆಡಿಟ್ಟು. ಸೆಪ್ಟೆಂಬರ್ 30ಕ್ಕೆ ಟ್ಯಾಕ್ಸ್ ಆಡಿಟ್ ವರದಿಯ ಗಡುವು, ತಿಂಗಳು ತಿಂಗಳು 11ಕ್ಕೆ ಒಂದು ಜಿಎಸ್‌ಟಿ ರಿಟರ್ನು, 20ಕ್ಕೆ ಇನ್ನೊಂದು. ಸರ್ಕಾರ ನನ್ನ ಸುಗ್ಗಿ ನೋಡಿಯೇ ತಾರೀಕು ಇಟ್ಟಂತಿದೆ.

ಕಳೆದ ಜುಲೈಯ ಒಂದು ಶನಿವಾರ ಮಾಟುಂಗದಲ್ಲಿ ತಾಳಮದ್ದಳೆ ಇತ್ತು. ಮದ್ದಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಲಗೇಜು ಡಬ್ಬಿಗೆ ಹತ್ತಿದೆ. ಅಲ್ಲಿ ಮೀನಿನ ಬುಟ್ಟಿಗಳು, ಕೊತ್ತಂಬರಿ ಗಂಟುಗಳು. ಮೀನು ಮಾರುವ ಮಾವ್ಶಿ ತನ್ನ ಬುಟ್ಟಿ ಸರಿಸಿ ಜಾಗ ಕೊಟ್ಟು, "ಢೋಲಕೀಲಾ ಪಾಣಿ ಲಾಗೂ ದೇವೂ ನಕಾ" ಎಂದಳು, ನೀರು ತಾಗಿಸಬೇಡ ಅಂತ. ಮಳೆಯ ಥಂಡಿಗೆ ಚರ್ಮ ಸಡಿಲಾಗಿ ಶ್ರುತಿ ಇಳಿಯುವುದು ನನ್ನ ಆಫೀಸಿನ ಒಬ್ಬರಿಗೂ ಗೊತ್ತಿಲ್ಲ. ಆಕೆಗೆ ಗೊತ್ತಿತ್ತು.

ತಾಳಮದ್ದಳೆ ಮುಗಿಯುವಾಗ ಸಯನ್-ಕುರ್ಲಾ ನಡುವೆ ಹಳಿ ನೀರಿನಡಿ. ಗಾಡಿ ಬಂದ್. ರಾತ್ರಿಯೆಲ್ಲ ಸ್ಟೇಷನ್ನಿನ ಬೆಂಚಿನ ಮೇಲೆ ಮದ್ದಳೆ ತಬ್ಬಿಕೊಂಡು ಕೂತೆ. ಮೊಬೈಲು ಸತ್ತಿತ್ತು. ಸುಳ್ಳೇಕೆ, ಆ ಹೊತ್ತಿನಲ್ಲೂ ತಲೆಯೊಳಗೆ ಅವತ್ತು ಭಾಗವತರು ಎತ್ತಿದ ಪದಗಳೇ ಓಡುತ್ತಿದ್ದವು, ಖುಷಿಯಾಗಿಯೇ ಇದ್ದೆ. ಬೆಳಿಗ್ಗೆ ಮನೆ ತಲುಪಿದರೆ ಬಾಗಿಲಿಗೆ ಬೀಗ. ರಾತ್ರಿ ಅಮ್ಮನ ಶುಗರ್ ಇಳಿದು ಎಚ್ಚರ ತಪ್ಪಿತ್ತಂತೆ. ಅರ್ಜಿ ಬರೆದಿದ್ದ ಅದೇ ಕೆಳಮನೆಯವರು ಅವರನ್ನು ಕುರ್ಚಿ ಸಮೇತ ಮೆಟ್ಟಿಲು ಇಳಿಸಿ, ಮೊಣಕಾಲು ನೀರಿನಲ್ಲಿ ರಿಕ್ಷಾ ಹುಡುಕಿ ಆಸ್ಪತ್ರೆಗೆ ಸೇರಿಸಿದ್ದರು. ಅಮ್ಮ ಸುಧಾರಿಸಿಕೊಂಡರು. ಹೆಂಡತಿ ನನ್ನನ್ನು ಬೈಯಲಿಲ್ಲ. ಕೈಯಲ್ಲಿದ್ದ ಮದ್ದಳೆ ನೋಡಿ "ಅದನ್ನು ಒಣಗಲಿಕ್ಕೆ ಇಡಿ" ಎಂದಳು, ಅಷ್ಟೆ.

ಬೈದಿದ್ದರೆ ಜಗಳ ಆಡಿ ಮುಗಿಸುತ್ತಿದ್ದೆ ಮಾರಾಯ.

ನಮ್ಮ ಕಸುಬಿನಲ್ಲಿ ಒಂದು ಉಪಾಯವಿದೆ. ತಾಳೆಪಟ್ಟಿಯ, ಅಂದರೆ ಟ್ರಯಲ್ ಬ್ಯಾಲೆನ್ಸಿನ, ಎರಡು ಬದಿ ಕೂಡದಿದ್ದರೆ, ವ್ಯತ್ಯಾಸದ ಮೊತ್ತವನ್ನು ಸದ್ಯಕ್ಕೆ ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಲೆಕ್ಕ ಕೂಡುತ್ತದೆ. ತಪ್ಪು ಎಲ್ಲಿದೆಯೋ ಅಲ್ಲೇ ಇರುತ್ತದೆ. ನನ್ನ ಕಕ್ಷಿದಾರರ ಪುಸ್ತಕದಲ್ಲಿ ಇಂಥ ಖಾತೆ ಕಂಡರೆ ನಾನು ಕೆಂಪು ಪೆನ್ನು ಎತ್ತುವವನು. ಎಷ್ಟೋ ವರ್ಷದಿಂದ ನನ್ನ ಮನೆಯಲ್ಲಿ ಆ ಖಾತೆ ಇವಳ ಹೆಸರಲ್ಲಿತ್ತು, ಕಣ್ಣಿಗೆ ಬೀಳಲಿಲ್ಲ. ಮದುವೆಗೆ ಮೊದಲು ಇವಳು ಧಾರವಾಡದಲ್ಲಿ ಎಂಟು ವರ್ಷ ಹಿಂದುಸ್ತಾನಿ ಕಲಿತವಳು. ತಂಬೂರಿ ಡೊಂಬಿವಲಿಗೆ ಬಂದದ್ದು ನಿಜ. ಜಾಗ ಸಾಲದೆ ವಾಪಸು ತವರಿಗೆ ಕಳಿಸಿದೆವು. ಮದ್ದಳೆಗೆ ಮಾತ್ರ ಕಪಾಟಿನ ಮೇಲೆ ಜಾಗ ಸಿಕ್ಕಿತ್ತು ನೋಡು.

ನೀನು ಕತೆಗಾರ ಯಶವಂತ ಚಿತ್ತಾಲರ ಮಾತು ಎತ್ತಿದ್ದೀಯ. ಇದೇ ಮುಂಬಯಿಯಲ್ಲಿ ಪ್ಲಾಸ್ಟಿಕ್ ಉದ್ಯಮದ ಕೆಲಸ ಮಾಡುತ್ತಲೇ ಅಷ್ಟು ಬರೆದರು, ನಮಗೇಕೆ ಆಗುವುದಿಲ್ಲ ಅಂತ. ಆಗಲಿ, ಆದರೆ ಅವರಲ್ಲಿದ್ದದ್ದು ನಮ್ಮಲ್ಲಿದೆಯೇ ಎಂಬುದು ಬೇರೆ ಪ್ರಶ್ನೆ. ನಮ್ಮ ಚಿಕ್ಕಪ್ಪನ ತಲೆಮಾರಿನವರನ್ನೂ ನೋಡು, ಫೋರ್ಟಿನ ಹೋಟೆಲುಗಳಲ್ಲಿ ಹಗಲು ಕಪ್ಪು ತೊಳೆದು ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿದರು, ನಾಟಕವನ್ನೂ ಆಡಿದರು. ಆದರೆ ಅವರಲ್ಲಿ ಎಷ್ಟೋ ಮಂದಿಯ ಸಂಸಾರ ಊರಿನಲ್ಲಿತ್ತು. ಅಲ್ಲಿ ಗದ್ದೆ, ಕೊಟ್ಟಿಗೆ, ಮಕ್ಕಳು, ಮುದುಕರನ್ನೆಲ್ಲ ನೋಡಿಕೊಂಡವರು ಸನ್ಮಾನದ ವೇದಿಕೆ ಹತ್ತಿದ್ದನ್ನು ನಾನು ಕಂಡಿಲ್ಲ.

ಹಾಗಂತ ಮದ್ದಳೆ ಬಿಟ್ಟೆನೇ? ಇಲ್ಲ. ಬಿಡುವುದೂ ಇಲ್ಲ. ವರ್ಷಕ್ಕೆ ಇಪ್ಪತ್ತು ಕಾರ್ಯಕ್ರಮ ಒಪ್ಪುತ್ತಿದ್ದವನು ಈಗ ಎಂಟಕ್ಕೆ ನಿಲ್ಲಿಸಿದ್ದೇನೆ, ಸೆಪ್ಟೆಂಬರಿನಲ್ಲಿ ಒಂದೂ ಇಲ್ಲ. ತಂಡದಲ್ಲಿ ಇಬ್ಬರು ಮುಖ ಊದಿಸಿಕೊಂಡಿದ್ದಾರೆ. ಇನ್ನೊಬ್ಬ ಹುಡುಗ ನನ್ನ ಜಾಗಕ್ಕೆ ಬಂದಿದ್ದಾನೆ, ನನಗಿಂತ ಚೆನ್ನಾಗಿ ಬಾರಿಸುತ್ತಾನೆ. ಅದು ಚುಚ್ಚುತ್ತದೆ, ಇರಲಿ.

ಇವಳು ಗುರುವಾರ ಸಂಜೆ ಕ್ಲಾಸಿಗೆ ಹೋಗುತ್ತಾಳೆ. ಮೊದಲ ವಾರ ಬಂದವಳೇ "ಸ್ವರ ನಿಲ್ಲುವುದೇ ಇಲ್ಲ, ಉಸಿರೇ ಇಲ್ಲ" ಎಂದು ಅತ್ತಳು. ಏನು ಹೇಳಬೇಕೋ ತಿಳಿಯಲಿಲ್ಲ, ನೀರು ಕೊಟ್ಟೆ. ಈಗ ತಂಬೂರಿಯ ಆ್ಯಪ್ ಹಾಕಿಕೊಂಡು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಕೂರುತ್ತಾಳೆ. ಅವಳ ಶ್ರುತಿಗೂ ನನ್ನ ಮದ್ದಳೆಗೂ ಕೂಡುವುದಿಲ್ಲ. ಸಾಥ್ ಕೊಡಲೇ ಎಂದು ಒಮ್ಮೆ ಕೇಳಿದ್ದಕ್ಕೆ "ದಯವಿಟ್ಟು ಬೇಡ" ಅಂದಳು.

ನಿನ್ನ ಬಣ್ಣದ ಪೆಟ್ಟಿಗೆ ಇಳಿಸು. ಇಳಿಸುವ ಮೊದಲು ಅಟ್ಟದಲ್ಲಿ ಪಕ್ಕದಲ್ಲೇ ಇನ್ಯಾರದಾದರೂ ಪೆಟ್ಟಿಗೆ ಇದೆಯೋ ನೋಡು.

ಕಲ್ಯಾಣದ ಜನ ಈಗಲೇ ಬಾಗಿಲ ಹತ್ತಿರ ತುಂಬಿದ್ದಾರೆ, ನಾನು ಏಳಬೇಕು. ಫೋನ್ ಮಾಡು, ಆದರೆ ಗುರುವಾರ ಏಳರಿಂದ ಎಂಟು ಬೇಡ. ಆಗ ಕುಕ್ಕರಿನ ಸೀಟಿ ಎಣಿಸುತ್ತಿರುತ್ತೇನೆ. ಹೋದ ವಾರ ನಿನ್ನ ಫೋನು ಬಂದಾಗ ಎಣಿಕೆ ತಪ್ಪಿ ಬೇಳೆ ಕರಗಿ ನೀರಾಗಿತ್ತು. ಎಂಥಾ ಮದ್ದಳೆಗಾರ ಎಂದು ಮಗಳು ಇನ್ನೂ ನಗುತ್ತಿದ್ದಾಳೆ.

ನಿನ್ನ,
ಡೊಂಬಿವಲಿಯ ಗೆಳೆಯ