ಮುಳ್ಳಯ್ಯನಗಿರಿಯ ಸುತ್ತುದಾರಿ: ಅಳಿಯನಿಗೊಂದು ಪತ್ರ

ಧಾರವಾಡ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ಡಿಸೆಂಬರಿನಲ್ಲಿ ಗೆಳೆಯರ ಜೊತೆ ಮುಳ್ಳಯ್ಯನಗಿರಿ ಹತ್ತುತ್ತೀ ಎಂದು ನಿಮ್ಮವ್ವ ಹೇಳಿದಳು. ಸರ್ಪದಾರಿ ಎಂಬ ಕಾಲುದಾರಿಯಿಂದ ಹತ್ತಿ, ಆಚೆ ಮಗ್ಗುಲಿನ ಮೆಟ್ಟಿಲಿಳಿದು, ಪಕ್ಕದ ಸೀತಾಳಯ್ಯನಗಿರಿ ಬೆಟ್ಟ ಹಾಯ್ದು ರಸ್ತೆಗುಂಟ ಹೊರಟಲ್ಲಿಗೇ ಬರುವ ನಿಮ್ಮ ಯೋಜನೆ ಚಲೋ ಇದೆ. ದಿಕ್ಕು ಮಾತ್ರ ತಿರುವಬೇಡಿ. ಕಡಿದಾದ ಕಾಲುದಾರಿ ಹತ್ತುವುದಕ್ಕಿರಲಿ, ಮೆಟ್ಟಿಲು ಮತ್ತು ಡಾಂಬರು ಇಳಿಯುವುದಕ್ಕಿರಲಿ. ಏರುವಾಗ ದಣಿಯುವುದು ಉಸಿರು, ಹತ್ತು ನಿಮಿಷ ಕೂತರೆ ಮರಳುತ್ತದೆ. ಇಳಿಯುವಾಗ ದಣಿಯುವುದು ಮೊಣಕಾಲು, ಅದು ಹುಬ್ಬಳ್ಳಿಗೆ ಬಂದರೂ ಸುಧಾರಿಸದು. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ದಣಿದ ಕಾಲು ಜಾರುವುದೂ ಆಗಲೇ.

ಹೋದ ದಾರಿಯಲ್ಲೇ ಬರುವವನಿಗೆ ಇಳಿಯುವ ದಾರಿಯ ಪರಿಚಯ ಇರುತ್ತದೆ. ಸುತ್ತುದಾರಿಯಲ್ಲಿ ಹಾಗಲ್ಲ: ಕಾಲು ಸೋತ ಹೊತ್ತಿಗೇ ಕಾಣದ ದಾರಿ ಎದುರಾಗುತ್ತದೆ. ಅದಕ್ಕೇ ಮೊದಲೇ ಗಡಿಯಾರದ ಕರಾರು ಮಾಡಿಕೊಳ್ಳಿ. ಸಪಾಟಿನಲ್ಲಿ ಗಂಟೆಗೆ 4 ಕಿ.ಮೀ., ಅದರ ಮೇಲೆ ಪ್ರತಿ 100 ಮೀಟರ್ ಏರಿಗೆ 10 ನಿಮಿಷ ಹೆಚ್ಚು ಹಿಡಿಯಿರಿ. ಗುಂಪಿನಲ್ಲಿ ಸಾವಕಾಶ ನಡೆಯುವವನೇ ಮುಂದಿರಲಿ. ಬೆಳಗ್ಗೆ 7ಕ್ಕೆ ಬುಡ ಬಿಟ್ಟು, 9ರ ಹೊತ್ತಿಗೆ ಅರ್ಧವೂ ಏರಿರದಿದ್ದರೆ ತಿರುಗಿಬಿಡಿ. ಬಂದ ದಾರಿಗೆ ಸುಂಕವಿಲ್ಲ.

ಆದರೆ ಒಂದು ಮಾತು. ಪೆಟ್ಟಾದವರನ್ನು ಕೆಳಗಿಳಿಸಬೇಕು ಎಂಬುದು ಬೆಟ್ಟದ ರೂಢಿ. ಇಲ್ಲಿ ಹಾಗಲ್ಲ: ಈ ಬೆಟ್ಟಕ್ಕೆ ಆಚೆ ಮಗ್ಗುಲಿನಿಂದ ಶಿಖರದ ಮೆಟ್ಟಿಲುಗಳ ಬುಡದವರೆಗೂ ವಾಹನ ಬರುತ್ತದೆ. ಶಿಖರದ ಹತ್ತಿರ ಯಾರಾದರೂ ಕಾಲು ಉಳುಕಿಸಿಕೊಂಡರೆ ಸರ್ಪದಾರಿಯಲ್ಲಿ ಹಿಂದಕ್ಕೆ ಎಳೆದೊಯ್ಯಬೇಡಿ, ಶಿಖರದ ಮೇಲಿನ ಗುಡಿಯ ಕಡೆಗೇ ನಡೆಸಿ, ಅಲ್ಲಿಂದ ಮೆಟ್ಟಿಲಿಳಿಸಿ.

ಶಿಖರ 1,930 ಮೀಟರ್, ನಾಡಿಗೆಲ್ಲ ಎತ್ತರದ್ದು. 1,000 ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ತಂಪು ಹೆಚ್ಚುತ್ತದೆ. ಅಂದರೆ ಹುಬ್ಬಳ್ಳಿಗಿಂತ ಸುಮಾರು 8 ಡಿಗ್ರಿ ಕಡಿಮೆ, ಮೇಲೆ ಗಾಳಿ ಬೇರೆ. ಬೋಳು ಹುಲ್ಲುಗಾವಲು, ತಡೆಯುವ ಮರವಿಲ್ಲ. ಜೀನ್ಸ್ ಬೇಡವೇ ಬೇಡ. ಬೆವರಿಗೋ ಮಂಜಿಗೋ ಒಮ್ಮೆ ನೆನೆದರೆ ಆರುವುದಿಲ್ಲ, ತೊಡೆ ಉಜ್ಜುತ್ತದೆ. ಬೇಗ ಆರುವ ಪ್ಯಾಂಟು, ಗಾಳಿ ತಡೆಯುವ ಜಾಕೀಟು ಸಾಕು. ಜಾಕೀಟನ್ನು ಏರುವಾಗ ಹಾಕಬೇಡ, ನಿಂತಾಗ ಹಾಕು.

ಮಂಜು ಕವಿದರೆ ದಾರಿ ಹುಡುಕುತ್ತ ಅಡ್ಡಾಡಬಾರದು. ಎರಡೂ ಮಗ್ಗುಲು ನೆಲ ಇಳಿಯುತ್ತಿದ್ದರೆ ನೀವು ದಿಣ್ಣೆಯ ಬೆನ್ನ ಮೇಲಿದ್ದೀರಿ ಎಂದು ತಿಳಿ. ಒಂದೇ ಮಗ್ಗುಲು ಇಳಿಜಾರಿದ್ದರೆ ಬೆನ್ನು ಬಿಟ್ಟು ಜಾರಿದ್ದೀರಿ. ಅಲ್ಲೇ ಕೂತು, ಮಂಜು ತೆಳುವಾದ ಮೇಲೆ ಹೆಜ್ಜೆ ಇಡಿ. ಕಣಿವೆಯಲ್ಲಿರುವ ಶೋಲಾ ಎಂಬ ದಟ್ಟ ಕಾಡಿನೊಳಗೆ ಹತ್ತಿರದ ದಾರಿ ಹುಡುಕುವುದಂತೂ ತಪ್ಪೇ ತಪ್ಪು.

ಒಬ್ಬೊಬ್ಬರಿಗೆ 3 ಲೀಟರ್ ನೀರು. ಒಂದು ಲೀಟರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿಟ್ಟುಕೊ. ಬರೀ ನೀರೇ ಕುಡಿದು ಬೆವರಿದರೆ ಮೈಯ ಉಪ್ಪು ಇಳಿದು ಸುಸ್ತಾಗುತ್ತದೆ. ಬುತ್ತಿಗೆ ನಮ್ಮ ಕಟಿ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಉಂಡಿಗಿಂತ ಚಲೋದು ಯಾವುದೂ ಇಲ್ಲ, ಹಗುರ, ಹಳಸುವುದಿಲ್ಲ. ಗಂಟೆಗೊಮ್ಮೆ ಸ್ವಲ್ಪ ತಿನ್ನು, ಹಸಿವಾಗುವ ತನಕ ಕಾಯಬೇಡ.

ಹೊಸ ಬೂಟು ಈಗಲೇ ಕೊಂಡು ಮೂರು ವಾರ ತೊಟ್ಟು ಪಳಗಿಸು. ಉಗುರು ಎರಡು ದಿನ ಮೊದಲೇ ಕತ್ತರಿಸು. ಶಿಖರದಲ್ಲಿ ದಾರ ಬಿಚ್ಚಿ ಪಾದದ ಗೆಣ್ಣಿನ ಹತ್ತಿರ ಬಿಗಿಯಾಗಿ ಕಟ್ಟು, ಇಲ್ಲವಾದರೆ ಇಳಿಯುವಾಗ ಹೆಬ್ಬೆರಳು ಬೂಟಿನ ಮೂತಿಗೆ ಬಡಿದು ಉಗುರು ಕಪ್ಪಾಗುತ್ತದೆ. ರಸ್ತೆ ಇಕ್ಕಟ್ಟು, ತಿರುವು ಬಹಳ. ವಾಹನ ಎದುರಿಗೆ ಕಾಣುವಂತೆ ಬಲಗಡೆ, ಸಾಲಾಗಿ ನಡೆಯಿರಿ.

ಅಲ್ಲಿತನಕ ವಾರಕ್ಕೆ ಮೂರು ದಿನ ಉಣಕಲ್ಲಿನ ನೃಪತುಂಗ ಬೆಟ್ಟಕ್ಕೆ ಹೋಗು. ಬೆನ್ನಿಗೆ 5 ಕಿಲೋ ಹೊರೆ, ಒಂದು ಬೆಳಗಿಗೆ ನಾಲ್ಕು ಸಲ ಹತ್ತಿ ಇಳಿ, ಇಳಿಯುವಾಗ ಓಡಬೇಡ.

ರಾತ್ರಿ ರೈಲಿನಲ್ಲಿ ಬೀರೂರಿಗಿಳಿದು ನೆಟ್ಟಗೆ ಬೆಟ್ಟಕ್ಕೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ನಿದ್ದೆಗೆಟ್ಟ ಕಣ್ಣಿಗೆ ಹೆಜ್ಜೆ ತಪ್ಪುತ್ತದೆ. ಹಗಲು ರೈಲಿಗೆ ಹೊರಟು ಚಿಕ್ಕಮಗಳೂರಿನಲ್ಲಿ ಒಂದು ರಾತ್ರಿ ಮಲಗಿ. ಪ್ರವೇಶದ ನಿಯಮಗಳನ್ನು ಅಲ್ಲಿಯ ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿರಿ. ಯಾವ ದಾರಿ, ಎಷ್ಟು ಮಂದಿ, ಎಷ್ಟೊತ್ತಿಗೆ ಇಳಿಯುತ್ತೀರಿ ಎಂಬುದನ್ನು ಚೀಟಿಯಲ್ಲಿ ಬರೆದು ನಿಮ್ಮವ್ವನ ಕೈಗೆ ಕೊಟ್ಟು ಹೊರಡು. ಸಂಜೆ 4ಕ್ಕೆ ಅವಳಿಗೆ ಫೋನ್ ಬರಲಿ.

ಇಂತಿ ನಿನ್ನ
ಮಾವ