ಎಲ್ಲವನ್ನೂ 32ರಿಂದ ಭಾಗಿಸಿ

ಪ್ರೀತಿಯ ಅಪ್ಪ,

ನಮಸ್ಕಾರಗಳು. ನಾನಿಲ್ಲಿ ಚೆನ್ನಾಗಿದ್ದೇನೆ. ತಲೆಗೆ ಭೂತಗನ್ನಡಿ ಕಟ್ಟಿಕೊಂಡ ನನ್ನ ಫೋಟೋ ನೋಡಿ ಅಮ್ಮ ಗಾಬರಿಯಾದಳಂತೆ. ಕಣ್ಣಿಗೆ ಏನೂ ಆಗಿಲ್ಲ, ಕೆಲಸ ಅಷ್ಟು ಸಣ್ಣದು ಅಂತ ಹೇಳಿಬಿಡಿ.

ಹೋದ ವಾರ ಫೋನಿನಲ್ಲಿ ನೀವು ಕೇಳಿದಿರಲ್ಲ, "ಆ ಮಾಡೆಲ್ ವಿಮಾನದ ಭಾಗಗಳೆಲ್ಲ ಡಬ್ಬಿಯಲ್ಲೇ ಇರುತ್ತವೆ, ಅಂಟಿಸಿದರೆ ಮುಗಿಯಿತು. ಐದು ತಿಂಗಳಿಂದ ಅದೇನು ಮಾಡುತ್ತಿದ್ದೀಯ?" ಅಂತ. ನಾನು ನಕ್ಕು ಮಾತು ಮರೆಸಿದೆ. ಬಾಯಲ್ಲಿ ಹೇಳಿದರೆ ಹುಚ್ಚು ಅನ್ನಿಸುವ ವಿಷಯ. ಅದಕ್ಕೇ ಈ ಕಾಗದ.

ವಿಮಾನ ಸ್ಪಿಟ್‌ಫೈರ್, ಮಾರ್ಕ್ 9. ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್. ಮಾಡೆಲ್ 1/32 ಅಳತೆಯದು. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 11.23 ಮೀಟರ್, ನನ್ನದು 35 ಸೆಂ.ಮೀ. 1/72 ಅಳತೆಯ ಮಾಡೆಲ್‌ನಲ್ಲಾದರೆ ಪೈಲಟ್ ಕೂರುವ ಕಾಕ್‌ಪಿಟ್ ಅಂದರೆ ಉಗುರಿನಷ್ಟು ಕಪ್ಪು ಗುಂಡಿ. ಒಳಗೆ ಏನಿದೆ, ಏನಿಲ್ಲ, ಯಾರು ನೋಡುತ್ತಾರೆ? ಇಷ್ಟು ದೊಡ್ಡದರಲ್ಲಿ ಆ ಸಬೂಬು ನಡೆಯುವುದಿಲ್ಲ. ಇರಬೇಕಾದ ಪೈಪು ಇಲ್ಲದಿದ್ದರೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ.

ಕಿಟ್ ಮಾಡಿದವರ ತಪ್ಪೇನೂ ಇಲ್ಲ. ಪ್ಲಾಸ್ಟಿಕ್ ಅಚ್ಚಿನಿಂದ ಬರುವಂಥದ್ದು, ತೀರಾ ತೆಳುವಾದದ್ದು ಅಚ್ಚಿನಲ್ಲಿ ಸರಿಯಾಗಿ ತುಂಬಿಕೊಳ್ಳುವುದಿಲ್ಲ. ಎಂಜಿನ್ ಮುಚ್ಚಳ ಅಳೆದೆ, 1 ಮಿ.ಮೀ. ದಪ್ಪ. 32ರಿಂದ ಗುಣಿಸಿ ನೋಡಿ. ನಿಜದಲ್ಲಿ ತೆಳು ತಗಡು ಇರುವ ಕಡೆ ನನ್ನ ವಿಮಾನಕ್ಕೆ 32 ಮಿ.ಮೀ. ತಗಡು! ಅದು ಹಾರುವುದಿರಲಿ, ಅಲ್ಲಾಡುವುದೂ ಇಲ್ಲ. ಅದಕ್ಕೆ ಒಳಗಡೆಯಿಂದ ಅಂಚುಗಳನ್ನಷ್ಟೇ ಬ್ಲೇಡಿನಿಂದ ಹೆರೆದು, ಮರಳು ಕಾಗದದಲ್ಲಿ ಉಜ್ಜಿದೆ. ಕಣ್ಣು ದಪ್ಪವನ್ನು ಅಳೆಯುವುದು ಅಂಚಿನಲ್ಲಿ ಮಾತ್ರ. ನಡುವೆ ಎಷ್ಟೇ ದಪ್ಪ ಇದ್ದರೂ ಗೊತ್ತಾಗುವುದಿಲ್ಲ.

ಜಾಸ್ತಿ ದಿನ ತಿಂದದ್ದು ಎಂಜಿನ್. ನಿಮ್ಮ ಸ್ಕೂಟರಿನ ಪ್ಲಗ್ ಬಿಚ್ಚಿ ಉಜ್ಜಿ ಕೊಡುವುದು ನನ್ನ ಕೆಲಸವಾಗಿತ್ತು, ನೆನಪಿದೆಯಾ? ಅದಕ್ಕೆ ಒಂದೇ ಪ್ಲಗ್. ಈ ಮರ್ಲಿನ್ ಎಂಜಿನ್‌ಗೆ 24. ಸಿಲಿಂಡರ್ 12, ಒಂದೊಂದಕ್ಕೂ ಎರಡೆರಡು ಪ್ಲಗ್. ಕಿಡಿ ಕೊಡುವ ಮ್ಯಾಗ್ನೆಟೋ ಕೂಡ ಎರಡು. ಒಂದು ಕೈಕೊಟ್ಟರೆ ಇನ್ನೊಂದರಲ್ಲಿ ಎಂಜಿನ್ ಓಡುತ್ತದೆ. ಹಾರುವ ಮುಂಚೆ ಪೈಲಟ್ ಒಂದೊಂದನ್ನೇ ಬಂದ್ ಮಾಡಿ ನೋಡುತ್ತಿದ್ದ.

ಕಿಟ್‌ನಲ್ಲಿ ಎಂಜಿನ್ ಚೆನ್ನಾಗಿಯೇ ಇದೆ, ಆದರೆ ಪ್ಲಗ್‌ಗಳ ತಂತಿ ಇಲ್ಲ. ಹಳೆಯ ಚಾರ್ಜರ್ ವೈರ್ ಸೀಳಿ, ಎರಡು ವಾರ ಕೂತು ಎಲ್ಲಾ ತಂತಿ ಹಾಕಿದೆ. ನೋಡಲು ಭರ್ಜರಿಯಾಗಿತ್ತು. ಮುಚ್ಚಳ ಇಟ್ಟರೆ ಕೂರಲಿಲ್ಲ. ಆಗ ತಂತಿಯನ್ನು ಅಳೆದೆ, ಅರ್ಧ ಮಿ.ಮೀ. ಅಂದರೆ ನಿಜದಲ್ಲಿ 16 ಮಿ.ಮೀ., ಹೆಬ್ಬೆರಳಿನಷ್ಟು ದಪ್ಪ! ಮೊದಲೇ ಭಾಗಿಸಿ ನೋಡಬೇಕಿತ್ತು. ನಿಮ್ಮ ಕೈಲಿ ಬೈಸಿಕೊಂಡಷ್ಟೇ ನಾಚಿಕೆಯಾಯಿತು. ಎಲ್ಲಾ ಕಿತ್ತೆ. ಈ ಸಲ ಕಾಲು ಮಿ.ಮೀ. ಸೀಸದ ತಂತಿ. ತಾಮ್ರ ಬಗ್ಗಿಸಿದರೆ ಮತ್ತೆ ಎದ್ದು ನಿಲ್ಲುತ್ತದೆ, ಸೀಸ ಹೇಳಿದ ಮಾತು ಕೇಳುತ್ತದೆ. (ಮುಟ್ಟಿದ ಮೇಲೆ ಕೈ ತೊಳೆಯುತ್ತೇನೆ, ಅಮ್ಮ.) 0.3 ಮಿ.ಮೀ. ಬಿಟ್ ಹಾಕಿದ ಕೈ ಡ್ರಿಲ್ಲಿನಲ್ಲಿ ತೂತು ಕೊರೆದು, ಸೂಜಿ ತುದಿಯಲ್ಲಿ ಅಂಟು ಮುಟ್ಟಿಸಿ ಒಂದೊಂದಾಗಿ ಕೂರಿಸಿದೆ. ಐದು ಬಿಟ್ ಮುರಿದವು.

ನಿಮಗೊಬ್ಬರಿಗೇ ಹೇಳುತ್ತೇನೆ. ಎರಡನೇ ಸಲ 24 ಹಾಕಲಿಲ್ಲ, 12 ಹಾಕಿದೆ. ಸಿಲಿಂಡರ್‌ಗಳು ವಿ ಆಕಾರದಲ್ಲಿ ನಿಂತಿರುತ್ತವೆ. ಒಳಬದಿಯ ಪ್ಲಗ್‌ಗಳು ಆ ಸಂದಿಯಲ್ಲೇ ಅಡಗಿಹೋಗುತ್ತವೆ.

ಕಾಕ್‌ಪಿಟ್ ಅಷ್ಟು ಕಾಡಲಿಲ್ಲ. ಸ್ಪಿಟ್‌ಫೈರ್‌ನಲ್ಲಿ ಪೈಲಟ್ ವಿಮಾನ ನಡೆಸಲು ಹಿಡಿಯುವ ಸ್ಟಿಕ್ ತುದಿಯಲ್ಲಿ ಬಳೆಯಂಥ ಹಿಡಿ ಇರುತ್ತದೆ. ಬ್ರೇಕ್ ಲಿವರ್ ಅದರಲ್ಲೇ, ಸೈಕಲ್ಲಿನ ಹಾಗೆ. ಬ್ರೇಕ್ ಹಿಡಿಯುವುದು ಗಾಳಿಯ ಒತ್ತಡದಿಂದ. ಆ ಲಿವರಿನಿಂದ ಕೆಳಗಿಳಿಯುವ ಕೇಬಲ್ಲನ್ನು ಕಿಟ್‌ನವರು ಬಿಟ್ಟಿದ್ದರು, ನಾನು ಹಾಕಿದೆ. ಸೀಟ್ ಬೆಲ್ಟ್ ಸೀಸದ ಹಾಳೆಯಿಂದ ಕತ್ತರಿಸಿದೆ. ಈಗ ಯಾರೋ ಎದ್ದು ಹೋದ ಸೀಟಿನ ಹಾಗೆ ಜೋತು ಬಿದ್ದಿದೆ.

ಇನ್ನು ರಿವೆಟ್, ಅಂದರೆ ತಗಡುಗಳನ್ನು ಜೋಡಿಸುವ ಮೊಳೆ. ಹಲ್ಲಿನ ಚಕ್ರ ಉರುಳಿಸಿ ಮೈತುಂಬಾ ಚುಕ್ಕೆ ಒತ್ತುವವರಿದ್ದಾರೆ. ನಾನು ರೆಕ್ಕೆಯ ಮುಂಭಾಗಕ್ಕೆ ಒತ್ತಲೇ ಇಲ್ಲ. ನಿಜವಾದ ವಿಮಾನದಲ್ಲೂ ಅಲ್ಲಿನ ರಿವೆಟ್ ಮೇಲೆ ಲೇಪ ಮೆತ್ತಿ ನುಣುಪು ಮಾಡುತ್ತಿದ್ದರು. ಈ ವಿಮಾನದ ರಿವೆಟ್‌ಗೆ ಒಂದು ಕಥೆಯೇ ಇದೆ. ಮಟ್ಟಸ ತಲೆಯ ರಿವೆಟ್ ಹೊಡೆಯುವುದು ದುಬಾರಿ, ಉಬ್ಬು ತಲೆಯದು ಅಗ್ಗ. ಎಲ್ಲೆಲ್ಲಿ ಉಬ್ಬಿದ್ದರೂ ನಡೆಯುತ್ತದೆ ಅಂತ ತಿಳಿಯಲು ಪ್ರತಿ ರಿವೆಟ್ ಮೇಲೂ ಒಂದೊಂದು ಒಡೆದ ಬಟಾಣಿ ಅಂಟಿಸಿ ಹಾರಿಸಿದರಂತೆ! ವೇಗ ಗಂಟೆಗೆ 22 ಮೈಲಿ ಇಳಿಯಿತು. ಆಮೇಲೆ ಸಾಲುಸಾಲಾಗಿ ಬಟಾಣಿ ಕಿತ್ತು ಕಿತ್ತು ಹಾರಿಸಿ, ಜಾಗ ಗುರುತು ಮಾಡಿಕೊಂಡರು. ನನ್ನದೇ ಹುಚ್ಚು ಅಂದುಕೊಂಡಿದ್ದೆ.

ಒಂದು ಭಾನುವಾರ ಲಂಡನ್ನಿನ ಹೆಂಡನ್‌ನಲ್ಲಿರುವ ವಾಯುಪಡೆ ಮ್ಯೂಸಿಯಂಗೂ ಹೋಗಿ ಬಂದೆ. ಅಲ್ಲಿ ಸ್ಪಿಟ್‌ಫೈರ್ ಎದುರು ನಿಂತಾಗ ತಿಳಿಯಿತು, ಹತ್ತು ಹೆಜ್ಜೆ ಹಿಂದೆ ಸರಿದರೆ ನಿಜವಾದದ್ದರಲ್ಲೂ ಎಷ್ಟೋ ರಿವೆಟ್ ಕಾಣುವುದೇ ಇಲ್ಲ. ನಾನು ಮಾಡೆಲ್ಲನ್ನು ಒಂದಡಿ ದೂರದಿಂದ ನೋಡುತ್ತೇನೆ. ಅದು ನಿಜವಾದದ್ದನ್ನು 32 ಅಡಿಯಿಂದ ನೋಡಿದ ಹಾಗೆ. ಬಂದ ಮೇಲೆ ರಿವೆಟ್ ಚಕ್ರವನ್ನು ಡ್ರಾಯರಿಗೆ ಹಾಕಿದೆ.

ಈಗ ಬಣ್ಣ ಮುಗಿದಿದೆ, ಉಳಿದದ್ದು ಒಂದೇ ತೀರ್ಮಾನ. ಎಂಜಿನ್ ಮುಚ್ಚಳ ಹಾಕಿದರೆ ಮೂಗು ಚೂಪಾಗಿ ಚೆಂದ ಕಾಣುತ್ತದೆ, ತಂತಿ ಒಂದೂ ಕಾಣುವುದಿಲ್ಲ. ಎಡಗಡೆಯದನ್ನು ತೆಗೆದಿಟ್ಟರೆ ಆರು ತಂತಿ ಕಾಣುತ್ತವೆ. ಎರಡೂ ಫೋಟೋ ಇದರ ಜೊತೆ ಇಟ್ಟಿದ್ದೇನೆ. ನೀವು ನೋಡಿ, ಅಮ್ಮನಿಗೂ ತೋರಿಸಿ. ಪುಟ್ಟಿಯನ್ನು ಕೇಳಬೇಡಿ, ಅವಳು ಯಾವಾಗ ಹಾರುತ್ತದೆ ಅಂತಾಳೆ.

ಇಂತಿ ನಿಮ್ಮ ಪ್ರೀತಿಯ ಮಗ