ತೊಗರಿ ಬೇಳೆ ರವಾನೆಯ ಕ್ರಮದಲ್ಲಿ ಬದಲಾವಣೆ

ಕಲಬುರಗಿ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಗಿರಣಿಯ ಪ್ರತಿ ಚೀಲದ ಮೇಲೂ ಲಾಟ್ ಸಂಖ್ಯೆ, ಅಂದರೆ ಒಟ್ಟಿಗೆ ತಯಾರಾದ ಸರಕಿನ ಗುರುತಿನ ಸಂಖ್ಯೆ, ಇರುತ್ತದೆ. ಬೇಳೆ ತಯಾರಾದ ದಿನವೇ ಲಾರಿಗೆ ತುಂಬುವ ಪದ್ಧತಿಯನ್ನು ಕೈಬಿಟ್ಟು, ಆ ಲಾಟಿನ ತಪಾಸಣಾ ಹಾಳೆ ಪೂರ್ತಿಯಾದ ಮೇಲೆ, ಅಂದರೆ ಮರುದಿನ, ಸರಕು ಕಳಿಸಲಾಗುವುದು. ದರದಲ್ಲಿ ವ್ಯತ್ಯಾಸವಿಲ್ಲ.

ಇದುವರೆಗೆ ಚೀಲ ಹೊಲಿಯುವ ಮುನ್ನ ಒಂದು ಹಿಡಿ ಬೇಳೆಯನ್ನು ಅಂಗೈಯಲ್ಲಿ ಹರಡಿ ನೋಡುವುದೇ ನಮ್ಮ ತಪಾಸಣೆಯಾಗಿತ್ತು. ಪಳಗಿದ ಕಣ್ಣಿಗೆ ದೋಷ ಕಾಣುತ್ತದೆ ನಿಜ, ಆದರೆ ಅದು ಯಾವ ಹಂತದಲ್ಲಿ ಹುಟ್ಟಿತೆಂಬುದು ಕಾಣುವುದಿಲ್ಲ. ಆದ್ದರಿಂದ ತಮ್ಮಿಂದ ಬಂದ ದೂರುಗಳನ್ನು ನುಚ್ಚು, ಸಿಪ್ಪೆ, ಹರಳು, ಬಣ್ಣ ಎಂದು ವಿಂಗಡಿಸಿ ಗೀಟು ಹಾಕಿ ಎಣಿಸಿ, ಹೆಚ್ಚಿನದನ್ನು ಮೊದಲಿಟ್ಟು ಪ್ಯಾರೆಟೊ ನಕ್ಷೆ ಬರೆದಾಗ ನುಚ್ಚು ಮತ್ತು ಸಿಪ್ಪೆ ಮುಂದೆ ನಿಂತವು. ಬಳಿಕ ಗಿರಣಿಯ ಮೇಸ್ತ್ರಿಯನ್ನೂ ಅಂಗಳದಲ್ಲಿ ತೊಗರಿ ಒಣಗಿಸುವವರನ್ನೂ ಕೂರಿಸಿಕೊಂಡು, ಜಪಾನಿನ ಇಶಿಕಾವಾ ಅವರ ಹೆಸರಿನ ಮೀನುಮುಳ್ಳಿನ ನಕ್ಷೆಯಲ್ಲಿ ಕಾಳು, ಯಂತ್ರ, ವಿಧಾನ, ಕೆಲಸಗಾರ ಎಂದು ಕಾರಣಗಳನ್ನು ಒಂದೊಂದಾಗಿ ಬರೆದೆವು.

ಬಿಸಿಲಿನ ದಿನದ ಲಾಟುಗಳನ್ನೂ ಮೋಡದ ದಿನದ ಲಾಟುಗಳನ್ನೂ ಬೇರೆ ಬೇರೆ ಮಾಡಿ ನೋಡಿದಾಗ ವಿಷಯ ತಿಳಿಯಾಯಿತು. ಎಣ್ಣೆ ಹಚ್ಚಿದ ಕಾಳು ಸರಿಯಾಗಿ ಒಣಗದಿದ್ದರೆ ಸಿಪ್ಪೆ ಬಿಡುವುದಿಲ್ಲ. ಅದನ್ನು ಕಂಡು ಸಿಪ್ಪೆ ತೆಗೆಯುವ ರೋಲರ್ ಬಿಗಿ ಮಾಡಿದರೆ, ಮುಂದೆ ಬರುವ ಚೆನ್ನಾಗಿ ಒಣಗಿದ ಕಾಳು ಒಡೆದು ನುಚ್ಚಾಗುತ್ತದೆ. ಎರಡು ದೂರುಗಳ ಮೂಲ ಒಂದೇ, ಒಣಗಿಸುವ ಅಂಗಳ. ರೋಲರಿನ ಮೇಲೆ ಹೊರಿಸಿದ ಆಪಾದನೆ ಬಹುಪಾಲು ಸುಳ್ಳು.

ಇನ್ನು ಮುಂದೆ ಗಂಟೆಗೊಮ್ಮೆ ಮಾದರಿ ತೆಗೆದು, ನುಚ್ಚನ್ನು ತೂಗಿ, ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ನಿಯಂತ್ರಣ ನಕ್ಷೆಯಲ್ಲಿ ಚುಕ್ಕೆ ಇಡಲಾಗುವುದು. ಚುಕ್ಕೆಯು ಸಹಜ ಏರುಪೇರಿನ ಎಲ್ಲೆ ತೋರಿಸುವ ಮೇಲಿನ, ಕೆಳಗಿನ ಗೆರೆಗಳ ನಡುವೆ ಇದ್ದು, ಒಂದೇ ಕಡೆಗೆ ಸರಿಯುತ್ತ ಹೋಗದಿದ್ದರೆ ಯಾರೂ ರೋಲರ್ ಮುಟ್ಟುವಂತಿಲ್ಲ. ಸಹಜ ಏರುಪೇರನ್ನು ತಿದ್ದಹೋದರೆ ಏರುಪೇರು ಹೆಚ್ಚುತ್ತದೆ. ಗೆರೆ ದಾಟಿದರೆ ಯಂತ್ರ ನಿಲ್ಲಿಸಿ ಕಾರಣ ಹುಡುಕಬೇಕು. ಈ ಗೆರೆಗಳು ನಮ್ಮ ಗಿರಣಿಯ ಸ್ವಭಾವವನ್ನು ತೋರಿಸುತ್ತವೆಯೇ ಹೊರತು ತಾವು ಒಪ್ಪಿದ ನುಚ್ಚಿನ ಮಿತಿಯನ್ನಲ್ಲ. ಆ ಮಿತಿಯನ್ನು ಪ್ರತ್ಯೇಕವಾಗಿ ನೋಡಲಾಗುತ್ತದೆ.

ಮಳೆಗಾಲದಲ್ಲಿ ಒಣಗಲು ತಡವಾದರೆ ರವಾನೆ ಇನ್ನೂ ಒಂದು ದಿನ ಹಿಂದೆ ಬೀಳಬಹುದು. ಹಬ್ಬದ ಬೇಡಿಕೆಯನ್ನು ದಯವಿಟ್ಟು ಮುಂಚಿತವಾಗಿ ತಿಳಿಸಿರಿ. ದೂರು ಇದ್ದಲ್ಲಿ ಲಾಟ್ ಸಂಖ್ಯೆಯೊಂದಿಗೆ ಒಂದು ಹಿಡಿ ಬೇಳೆಯನ್ನೂ ಕಳಿಸಿಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು
ಬೇಳೆ ಗಿರಣಿ ವಿಭಾಗ